ನೆಲದ ಕಡೆಗೆ ಮುಖ ಮಾಡಿದ ಕೆತ್ತನೆ

ಮೆಕ್ಸಿಕೋ ನಗರದ ದೊಡ್ಡ ಚೌಕದಲ್ಲಿ 1790ರ ಆಗಸ್ಟ್ 13ರಂದು ನೆಲ ಅಗೆಯುತ್ತಿದ್ದವರಿಗೆ ಎಂಟು ಅಡಿಗೂ ಮಿಕ್ಕಿದ ಒಂದು ಶಿಲಾವಿಗ್ರಹ ಸಿಕ್ಕಿತು. ಅಜ್ಟೆಕ್ ಜನರ ರಾಜಧಾನಿ ಸ್ಪೇನಿನವರ ಕೈಗೆ ಬಿದ್ದದ್ದೂ ಆಗಸ್ಟ್ 13ರಂದೇ, 1521ರಲ್ಲಿ. ಕಾಕತಾಳೀಯವಿರಬಹುದು, ಇರಲಿ.

ವಿಗ್ರಹ ಕೋವಾತ್ಲಿಕ್ವೆ ಎಂಬ ತಾಯಿದೇವಿಯದು. ಹಾವುಗಳ ಲಂಗ ಉಟ್ಟವಳು ಎಂದು ಆ ಹೆಸರಿನ ಅರ್ಥ. ತಲೆ ಇರಬೇಕಾದ ಕಡೆ ಎರಡು ಹಾವುಗಳು ಎದುರುಬದುರಾಗಿ ಸೇರಿ ಒಂದೇ ಮುಖವಾಗಿವೆ. ಕೊರಳಲ್ಲಿ ಕತ್ತರಿಸಿದ ಕೈಗಳ, ಹೃದಯಗಳ ಸರ. ನಡುವೆ ತಲೆಬುರುಡೆಯ ಪದಕ. ಕಾಲಿಗೆ ಉಗುರುಗಳು. ಇಷ್ಟೆಲ್ಲದರ ನಡುವೆ ಮಕ್ಕಳಿಗೆ ಹಾಲೂಡಿಸಿ ಜೋತ ಮೊಲೆಗಳು. ಹೆರುವವಳೂ ನುಂಗುವವಳೂ ಒಬ್ಬಳೇ, ಅವಳೇ ಭೂಮಿ ಎಂಬುದು ಅವರ ನಂಬಿಕೆ. ಕಬ್ಬಿಣದ ಉಳಿಯಿಲ್ಲದೆ, ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಮರಳಿನಿಂದ ಉಜ್ಜಿ ಇದನ್ನು ಮಾಡಿದರು.

ನನಗೆ ಹೆಚ್ಚಿನದೆನಿಸುವುದು ವಿಗ್ರಹದ ಅಡಿಭಾಗ. ಅಲ್ಲಿ ತ್ಲಾಲ್ತೆಕುಹ್ತ್ಲಿ ಎಂಬ ಭೂದೈವವನ್ನು ಪೂರ್ತಿಯಾಗಿ ಕೆತ್ತಿದ್ದಾರೆ. ನಿಲ್ಲಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳದು. 1792ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಲಿಯೋನ್ ಇ ಗಾಮಾ ಎಂಬ ವಿದ್ವಾಂಸ, ವಿಗ್ರಹವನ್ನು ಕಂಬಗಳ ಮೇಲೆ ಎತ್ತರಕ್ಕೆ ಇರಿಸಿದ್ದಿರಬೇಕು, ಭಕ್ತರು ಕೆಳಗೆ ಹಾದುಹೋಗುತ್ತಿದ್ದರು ಎಂದು ಊಹಿಸಿದ. ನೋಡುವವರಿಲ್ಲದೆ ಯಾರಾದರೂ ಕೆತ್ತುವರೇ ಎಂಬುದು ಅವನ ತರ್ಕ. ಅಂಥ ಕೆತ್ತನೆ ಅಜ್ಟೆಕರ ಬೇರೆ ಕಲ್ಲುಗಳ ತಳದಲ್ಲೂ ಇದೆ. ಅದು ಮನುಷ್ಯರಿಗಾಗಿ ಅಲ್ಲ, ನೆಲಕ್ಕಾಗಿ ಮಾಡಿದ್ದು.

ವಿಗ್ರಹವನ್ನು ವಿಶ್ವವಿದ್ಯಾಲಯದ ಅಂಗಳಕ್ಕೆ ಸಾಗಿಸಿದರು. ಆಗ ಊರಿನ ಮೂಲನಿವಾಸಿಗಳು ಗುಟ್ಟಾಗಿ ಬಂದು ಹೂವು, ಮೇಣದಬತ್ತಿ ಇಡತೊಡಗಿದರು ಎಂದು ಆ ಕಾಲದ ಒಬ್ಬ ಬಿಷಪ್ ಬರೆದಿದ್ದಾರೆ. ಮತಾಂತರವಾಗಿ ಎರಡೂವರೆ ಶತಮಾನ ಕಳೆದಿತ್ತು, ನೋಡಿ! ಗಾಬರಿಗೊಂಡವರು ದೇವಿಯನ್ನು ಅಲ್ಲೇ ಮತ್ತೆ ಹೂಳಿಬಿಟ್ಟರು. ಅದೇ ಚೌಕದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಸೂರ್ಯಶಿಲೆ ಸಿಕ್ಕಿತ್ತು. ಅದನ್ನು ಪಂಚಾಂಗದ ಲೆಕ್ಕವೆಂದು ಭಾವಿಸಿ ದೊಡ್ಡ ಇಗರ್ಜಿಯ ಗೋಡೆಗೇ ಕೂರಿಸಿದರು. ಲೆಕ್ಕದ ಕಲ್ಲಿಗೆ ಗೌರವ, ತಾಯಿಯ ಕಲ್ಲಿಗೆ ಗುಂಡಿ.

1803ರಲ್ಲಿ ಜರ್ಮನಿಯ ಹುಂಬೋಲ್ಟ್ ಬಂದು ಕೇಳಿಕೊಂಡಾಗ ಒಮ್ಮೆ ತೆಗೆದು ತೋರಿಸಿ, ಪುನಃ ಮುಚ್ಚಿದರು. ಸ್ವಾತಂತ್ರ್ಯ ಬಂದ ಮೇಲೆ, 1823ರಲ್ಲಿ, ಬುಲಕ್ ಎಂಬ ಇಂಗ್ಲಿಷಿನವನು ಅಗೆಸಿ ಅಚ್ಚು ತೆಗೆದುಕೊಂಡು ಹೋಗಿ ಮರುವರ್ಷ ಲಂಡನ್ನಿನಲ್ಲಿ ಪ್ರದರ್ಶಿಸಿದ. ಈಗ ದೇವಿ ಮೆಕ್ಸಿಕೋದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದ್ದಾಳೆ, ಸೂರ್ಯಶಿಲೆ ಇರುವ ಅದೇ ಅಂಕಣದಲ್ಲಿ.