ಸ್ವಾಮಿಯ ಅಮ್ಮನಿಗೂ ಒಂದು ಹೆಸರಿತ್ತು

ಪ್ರತಿ ವರ್ಷ ಸೆಪ್ಟೆಂಬರ್ 30 ಬಂತೆಂದರೆ ನಮ್ಮ ಊರುಗಳ ವಾಟ್ಸಾಪ್ ಸ್ಟೇಟಸ್ ತುಂಬ ಶಂಕರ್‌ನಾಗ್. ಆಟೋ ಸ್ಟ್ಯಾಂಡಿನಲ್ಲಿ ಅವರ ಫೋಟೊಗೆ ಹಾರ ಬೀಳುತ್ತದೆ. 1990ರ ಆ ದಿನ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಡೆದ ಅಪಘಾತವನ್ನು ಜನ ಮರೆತಿಲ್ಲ. ಮರೆಯಲೂಬಾರದು.

ಅದಕ್ಕೆ ಮೂರು ದಿನ ಮೊದಲು ಬರುವ ಸೆಪ್ಟೆಂಬರ್ 27 ಮಾತ್ರ ಸದ್ದಿಲ್ಲದೆ ಕಳೆದುಹೋಗುತ್ತದೆ. 2010ರ ಆ ದಿನ ಬೆಂಗಳೂರಿನಲ್ಲಿ ವೈಶಾಲಿ ಕಾಸರವಳ್ಳಿ ತೀರಿಕೊಂಡರು. ಅವರಿಗೆ ಆಗ 58 ವರ್ಷ.

ಯಾರು ಅಂತ ಯೋಚಿಸುತ್ತಿದ್ದೀರಾ? ಮುಖ ನಿಮಗೆ ಗೊತ್ತೇ ಇದೆ. 'ಮಾಲ್ಗುಡಿ ಡೇಸ್' ನೋಡಿದ್ದೀರಲ್ಲ, ಅದರಲ್ಲಿ ಸ್ವಾಮಿಯ ಅಮ್ಮ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಹೆಸರು ಎಲ್ಲರ ಬಾಯಲ್ಲಿದೆ. ಅಪ್ಪನ ಪಾತ್ರ ಮಾಡಿದ್ದು ಗಿರೀಶ್ ಕಾರ್ನಾಡ್ ಅನ್ನುವುದನ್ನು ಚಿಕ್ಕ ಹುಡುಗರೂ ಹೇಳುತ್ತಾರೆ. ಅಮ್ಮನ ಹೆಸರು ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ನಾವೂ ಹಾಗೇ ಇದ್ದೆವು. ಅದಕ್ಕೇ ಈ ಬರಹ.

ವೈಶಾಲಿ ಹುಟ್ಟಿದ್ದು 1952ರಲ್ಲಿ, ಕಲಬುರಗಿಯಲ್ಲಿ. ಆಗ ಕಲಬುರಗಿ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂಥ ಊರಿನ ಹುಡುಗಿ ಮುಂದೆ ರಂಗಭೂಮಿಗೆ ಬಂದರು. ಬಿ.ವಿ. ಕಾರಂತ, ಪ್ರಸನ್ನ ಅವರಂಥ ನಿರ್ದೇಶಕರ ನಾಟಕಗಳಲ್ಲಿ ಪಾತ್ರ ಮಾಡಿದರು. ಹೊಸ ಅಲೆಯ ನಾಟಕ, ಸಿನಿಮಾ ಎರಡೂ ಕನ್ನಡದಲ್ಲಿ ಬೆಳೆಯುತ್ತಿದ್ದ ಕಾಲ ಅದು. 1977ರಲ್ಲಿ 'ಘಟಶ್ರಾದ್ಧ' ಮಾಡಿ ಹೆಸರಾದ ಗಿರೀಶ್ ಕಾಸರವಳ್ಳಿ ಅವರನ್ನು ಮದುವೆಯಾದರು. ಗಿರೀಶರ ಮುಂದಿನ ಚಿತ್ರ 'ಆಕ್ರಮಣ'ದಲ್ಲಿ ನಟಿಸಿದರು.

ಆಮೇಲೆ ಬಂದದ್ದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಅವರ ಕಥೆಗಳು, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಟಿ.ಎಸ್. ನರಸಿಂಹನ್ ನಿರ್ಮಾಣ, ಶಂಕರ್‌ನಾಗ್ ನಿರ್ದೇಶನ. 1980ರ ದಶಕದಲ್ಲಿ ದೂರದರ್ಶನ ಬಿಟ್ಟರೆ ಬೇರೆ ಚಾನೆಲ್ ಇರಲಿಲ್ಲ. ಹಾಗಾಗಿ ಆಗುಂಬೆಯಲ್ಲಿ ತೆಗೆದ ಆ ಧಾರಾವಾಹಿಯನ್ನು ಹಿಂದಿಯಲ್ಲಿ ಇಡೀ ದೇಶ ನೋಡಿತು. ಮಾಲ್ಗುಡಿಯ ಸ್ಟೇಷನ್ ಆಗಿ ಕಾಣಿಸಿದ್ದು ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣ. ಅಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ.

ಇನ್ನೊಂದು ಸಂಗತಿ. ಗಿರೀಶ್ ಕಾಸರವಳ್ಳಿ ಅವರ ಹುಟ್ಟೂರು ಕೆಸಲೂರು ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಆಗುಂಬೆಯೂ ಅದೇ ತಾಲ್ಲೂಕು. ಅಂದರೆ ಕಲಬುರಗಿಯ ಹೆಣ್ಣುಮಗಳು ಮಾಲ್ಗುಡಿಯ ಅಮ್ಮನಾಗಿದ್ದು ತನ್ನ ಗಂಡನ ತಾಲ್ಲೂಕಿನಲ್ಲೇ.

ಸ್ವಾಮಿಯ ಕಥೆ ನಾರಾಯಣ್ ಅವರ 1935ರ ಕಾದಂಬರಿಯದು. ಅಲ್ಲಿ ಶಾಲೆ ಇದೆ, ಗೆಳೆಯರಿದ್ದಾರೆ, ಕ್ರಿಕೆಟ್ ಇದೆ, ಗಣಿತ ಹೇಳಿಕೊಡುವ ಸಿಡುಕಿನ ಅಪ್ಪ ಇದ್ದಾನೆ, ಕಥೆ ಕೇಳುವ ಅಜ್ಜಿ ಇದ್ದಾಳೆ. ಅಮ್ಮನಿಗೆ ಮಾತು ಕಡಿಮೆ. ಇಂಥ ಪಾತ್ರ ಸುಲಭ ಅನ್ನಿಸಬಹುದು. ಆದರೆ ಊರ ನಾಟಕದಲ್ಲಿ ಒಮ್ಮೆಯಾದರೂ ಬಣ್ಣ ಹಚ್ಚಿದವರಿಗೆ ಇದರ ಕಷ್ಟ ಗೊತ್ತು. ಉದ್ದ ಡೈಲಾಗ್ ಇದ್ದವನು ಡೈಲಾಗ್ ಹಿಡಿದುಕೊಂಡು ದಾಟಿಬಿಡುತ್ತಾನೆ. ಮಾತಿಲ್ಲದವರು ಸುಮ್ಮನೆ ನಿಂತಾಗಲೂ ಪಾತ್ರದಲ್ಲೇ ಇರಬೇಕು. ಅಪ್ಪನಿಗೆ ಹೆದರುವ ಹುಡುಗನ ಹೆದರಿಕೆ ನಮಗೆ ನಿಜ ಅನ್ನಿಸಬೇಕಾದರೆ, ಆ ಮನೆ ನಿಜವಾದ ಮನೆಯಂತೆ ಕಾಣಬೇಕು. ಅದನ್ನು ಮನೆಯಾಗಿಸಿದವರಲ್ಲಿ ವೈಶಾಲಿ ಒಬ್ಬರು. ಇದು ನಟಿಯೊಬ್ಬರ ಅಭಿನಯ ಅಂತ ನಮಗೆ ಅನ್ನಿಸಲೇ ಇಲ್ಲ, ನಮ್ಮ ಮನೆಯ ಅಮ್ಮನ ಹಾಗೇ ಕಂಡರು. ಹೆಸರು ಮರೆಯಲು ಇದೂ ಒಂದು ಕಾರಣ ಇರಬಹುದು.

ಅವರ ಕೆಲಸ ನಟನೆಗೆ ನಿಲ್ಲಲಿಲ್ಲ. 1997ರ 'ತಾಯಿ ಸಾಹೇಬ' ಚಿತ್ರಕ್ಕೆ ವಸ್ತ್ರವಿನ್ಯಾಸ ಮಾಡಿದ್ದು ಅವರೇ. ರಂ.ಶಾ. ಲೋಕಾಪುರ ಅವರ ಕಾದಂಬರಿ, ಜಯಮಾಲಾ ಮುಖ್ಯ ಪಾತ್ರ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಅದಕ್ಕೆ ಬಂತು. ಅತ್ಯುತ್ತಮ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ವೈಶಾಲಿ ಅವರಿಗೆ ಬಂತು.

ಸ್ವಾತಂತ್ರ್ಯ ಚಳವಳಿಯ ಕಾಲದಿಂದ ಸ್ವಾತಂತ್ರ್ಯ ಬಂದ ನಂತರದವರೆಗೆ ಹಬ್ಬಿದ ಕಥೆ ಅದು. ಇಂಥ ಚಿತ್ರದಲ್ಲಿ ಬಟ್ಟೆ ಅಂದರೆ ಅಲಂಕಾರ ಅಲ್ಲ. ವಾಡೆಯ ಯಜಮಾನಿ ಏನು ಉಡುತ್ತಾಳೆ, ಆಳುಮಕ್ಕಳು ಏನು ಉಡುತ್ತಾರೆ, ವರ್ಷ ಕಳೆದ ಹಾಗೆ ಏನು ಬದಲಾಗುತ್ತದೆ, ಇದನ್ನೆಲ್ಲ ಲೆಕ್ಕ ಹಾಕಬೇಕು. ಒಂದು ಸೆರಗು ತಪ್ಪಾದರೂ ಆ ಭಾಗದ ಜನ ಹಿಡಿದುಬಿಡುತ್ತಾರೆ. ಕೆಲಸ ಸರಿಯಾಗಿದ್ದರೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮ್ಮನ ಪಾತ್ರದ ಹಾಗೆಯೇ.

ಆಮೇಲೆ ಕ್ಯಾಮೆರಾದ ಹಿಂದೆ ನಿಂತರು. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಮೂಡಲ ಮನೆ' ನೆನಪಿದೆಯಲ್ಲ? ಅದನ್ನು ನಿರ್ದೇಶಿಸಿದ್ದು ವೈಶಾಲಿ. 'ಮುತ್ತಿನ ತೋರಣ'ವೂ ಅವರದೇ. ಧಾರಾವಾಹಿಗಳಲ್ಲಿ ಬೆಂಗಳೂರು ಮೈಸೂರಿನ ಮಾತೇ ತುಂಬಿದ್ದಾಗ 'ಮೂಡಲ ಮನೆ'ಯ ಕೂಡುಕುಟುಂಬ ಉತ್ತರ ಕರ್ನಾಟಕದ ಮಾತಾಡಿತು. ನಮ್ಮ ಮಾತು ಟಿವಿಯಲ್ಲಿ ಬರೀ ನಗಿಸುವುದಕ್ಕಲ್ಲ, ಅಳುವುದಕ್ಕೂ ಜಗಳಕ್ಕೂ ಮನೆ ನಡೆಸುವುದಕ್ಕೂ ಆಗುತ್ತದೆ ಎಂದು ಆ ಕಡೆಯ ಜನ ಕಂಡರು.

ಅವರ ಮಗಳು ಅನನ್ಯಾ ಕಾಸರವಳ್ಳಿ ಕೂಡ ನಟಿ, ನಿರ್ದೇಶಕಿ. 2016ರಲ್ಲಿ 'ಹರಿಕಥಾ ಪ್ರಸಂಗ' ಚಿತ್ರ ಮಾಡಿದರು.

ಸುದ್ದಿ ಬರೆಯುವ ನಾವು 'ಪೋಷಕ ನಟಿ' ಅನ್ನುವ ಪದವನ್ನು ದಿನಾ ಬಳಸುತ್ತೇವೆ. ನಾಯಕಿ ಅಲ್ಲ, ಪಕ್ಕದಲ್ಲಿ ನಿಂತವರು ಅನ್ನುವ ಅರ್ಥದಲ್ಲಿ. ಆದರೆ ಶಾಲೆಯ ಅರ್ಜಿಯಲ್ಲಿ 'ಪೋಷಕರ ಸಹಿ' ಅಂತ ಇರುತ್ತದಲ್ಲ, ಅಲ್ಲಿರುವುದೂ ಅದೇ ಪದ. ಸಾಕಿದವರು, ಬೆಳೆಸಿದವರು ಅಂತ. ವೈಶಾಲಿ ಅವರ ವಿಷಯದಲ್ಲಿ ಈ ಎರಡನೇ ಅರ್ಥವೇ ಹೆಚ್ಚು ಸರಿ. ನಟನೆ, ಬಟ್ಟೆ, ನಿರ್ದೇಶನ ಮೂರರಲ್ಲೂ ಅವರು ಕಥೆಯನ್ನು ಸಾಕಿದರು. ಅಂಥವರು ತೀರಿಕೊಂಡಾಗ ನಾಲ್ಕು ಸಾಲು ಬರೆದು ಮುಗಿಸುವ ಅಭ್ಯಾಸ ನಮ್ಮ ಕಸುಬಿನದು. ಅದು ನಮ್ಮದೇ ತಪ್ಪು.

ಮುಂದಿನ ಸಲ ಫೋನಿನಲ್ಲಿ 'ಮಾಲ್ಗುಡಿ ಡೇಸ್' ನೋಡುವಾಗ ಹೆಸರುಗಳು ಬರುವ ಭಾಗವನ್ನು ಓಡಿಸಬೇಡಿ. ಹಾಗೇ ನಿಮ್ಮ ಊರಲ್ಲಿ ಹಿಂದೆ ಕಂಪನಿ ನಾಟಕದಲ್ಲೋ, ಜಾತ್ರೆಯ ನಾಟಕದಲ್ಲೋ ತಾಯಿಯ, ಅತ್ತೆಯ, ದಾಸಿಯ ಪಾತ್ರ ಮಾಡಿದ ಹಿರಿಯರು ಇದ್ದರೆ ಅವರ ಹತ್ತಿರ ಒಂದು ಸಂಜೆ ಕೂತು ಮಾತಾಡಿಸಿ. ಅವರ ಹೆಸರು, ನಾಟಕದ ಹೆಸರು, ವರ್ಷ ಬರೆದಿಟ್ಟುಕೊಳ್ಳಿ. ರಾಜನ ಪಾತ್ರ ಮಾಡಿದವನ ಹೆಸರು ಹೇಗೂ ಉಳಿಯುತ್ತದೆ. ಉಳಿದವರ ಹೆಸರು ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು.