ತಿಥಿನಿರ್ಣಯದಲ್ಲಿ ವಚನವೂ ವೇಧವೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಉಜ್ಜಯಿನಿಯ ಮಧ್ಯರೇಖೆಗೆ ಸುಮಾರು ಒಂದಂಶ ಪಶ್ಚಿಮದಲ್ಲಿವೆ. ಪ್ರಾಚೀನ ಕರಣಗ್ರಂಥಗಳ ರೀತಿಯಿಂದ ಇಲ್ಲಿಗೆ ದೇಶಾಂತರಸಂಸ್ಕಾರವು ನಾಲ್ಕು ನಿಮಿಷದ ಆಸುಪಾಸಿನದು. ಇಷ್ಟು ಅಲ್ಪವಾದ ಅಂತರವನ್ನೂ ಕೈಬಿಡದ ಶಾಸ್ತ್ರದಲ್ಲಿ, ಸೂರ್ಯಸಿದ್ಧಾಂತದ ಪಂಚಾಂಗವನ್ನೂ ದೃಗ್ಗಣಿತದ ಪಂಚಾಂಗವನ್ನೂ ಎದುರಿಟ್ಟು ನೋಡಿದರೆ ತಿಥ್ಯಂತ್ಯಕ್ಕೆ ಹಲವು ಘಟಿಗಳ ಭೇದ ಕಾಣುವುದುಂಟು. ಏಕಾದಶಿಯ ಉಪವಾಸ, ಪಿತೃಶ್ರಾದ್ಧದ ದಿನಗಳು ಅದನ್ನೇ ಅವಲಂಬಿಸಿರುವುದರಿಂದ ಇದು ಗಣಿತಜ್ಞರ ಜಗಳ ಮಾತ್ರವಲ್ಲ.

ಭೇದದ ಮೂಲವು ಚಂದ್ರಗತಿಯಲ್ಲಿದೆ. ‘ಬಾಣವೃದ್ಧಿ ರಸಕ್ಷಯ’ವೆಂಬ ನಿಯಮದಂತೆ ತಿಥಿಯು 60 ಘಟಿಗಿಂತ 5 ಹೆಚ್ಚಬಹುದು, 6 ಕುಗ್ಗಬಹುದು. ಸೂರ್ಯಸಿದ್ಧಾಂತದ ಚಂದ್ರನಿಗೆ ಮಂದಫಲವೊಂದೇ ಸಂಸ್ಕಾರವಾದುದರಿಂದ ಅಲ್ಲಿ ನಿಯಮವು ಹೊಂದುತ್ತದೆ. ಸೂರ್ಯಾಕರ್ಷಣೆಯಿಂದ ಹುಟ್ಟುವ ಇತರ ಅಸಮತೆಗಳನ್ನು ಸೇರಿಸಿದರೆ ತಿಥಿಯ ಮಾನವು ಸುಮಾರು 50ರಿಂದ 67 ಘಟಿಗಳವರೆಗೆ ಓಲಾಡುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಈ ಅಸಮತೆಗಳ ಫಲವು ಹಳೆಯ ಮಂದಫಲದಲ್ಲಿಯೇ ಬಹುಮಟ್ಟಿಗೆ ಅಡಗಿರುವುದರಿಂದ ಗ್ರಹಣಗಳು ತಕ್ಕಮಟ್ಟಿಗೆ ಹೊಂದುತ್ತಿದ್ದವು. ದೋಷವು ಶತಮಾನಗಳ ಕಾಲ ಮರೆಯಾಗಿದ್ದುದಕ್ಕೆ ಇದೇ ಕಾರಣವೆಂದು ನಾವು ತಿಳಿಯುತ್ತೇವೆ.

ನರಗುಂದದಲ್ಲಿ ಜನಿಸಿ ವಿಜಾಪುರ ಪ್ರಾಂತದಲ್ಲಿ ಬಾಳಿದ ವೆಂಕಟೇಶ ಬಾಪೂಜಿ ಕೇತಕರರು (1854–1930) ಪಾಶ್ಚಾತ್ಯ ಗಣಿತವನ್ನು ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ಗಳೆಂಬ ಸಂಸ್ಕೃತ ಗ್ರಂಥಗಳಲ್ಲಿ ಭಾರತೀಯ ಪದ್ಧತಿಗೆ ಒಗ್ಗಿಸಿದರು. ನೆಪ್ಚೂನಿನಾಚೆ ಸುಮಾರು 242 ವರ್ಷಗಳ ಪರಿಭ್ರಮಣದ ಗ್ರಹವೊಂದಿರಬೇಕೆಂದು 1911ರಲ್ಲಿ ಫ್ರೆಂಚ್ ಪತ್ರಿಕೆಯಲ್ಲಿ ಬರೆದವರೂ ಇವರೇ. 1930ರಲ್ಲಿ ಕಂಡ ಪ್ಲೂಟೋದ ಕಾಲ 248 ವರ್ಷ. (ಸಾಮೀಪ್ಯವು ಆಕಸ್ಮಿಕವೆನ್ನುವುದೇ ಲೇಸು.)

ಪ್ರತಿಪಕ್ಷದವರ ವಾದವು ಉಪೇಕ್ಷಣೀಯವಲ್ಲ: ಗ್ರಹಣವು ದೃಷ್ಟವಿಷಯ, ಅಲ್ಲಿ ವೇಧವೇ ಪ್ರಮಾಣ, ವ್ರತಫಲವು ಅದೃಷ್ಟ, ಅಲ್ಲಿ ವಚನವೇ ಪ್ರಮಾಣ. ಆದರೆ ಸೂರ್ಯಸಿದ್ಧಾಂತವೇ ಸ್ಪಷ್ಟಾಧಿಕಾರದಲ್ಲಿ ದೃಕ್ತುಲ್ಯತೆಯನ್ನು ಬಯಸುವಾಗ ಈ ವಿಭಾಗವು ಹೇಗೆ ನಿಂತೀತು?

ಯೆಹೂದ್ಯರ ತಾಲ್ಮುದಿನಲ್ಲಿಯೂ ಇಂಥ ಪ್ರಸಂಗವೊಂದಿದೆ. ರಾತ್ರಿ ಸೂರ್ಯನು ಆಕಾಶದ ಮೇಲೆ ಸಾಗುವನೆಂದು ಸ್ವಮತದ ಆಚಾರ್ಯರು, ಭೂಮಿಯ ಕೆಳಗೆಂದು ಅನ್ಯಜನರ ಪಂಡಿತರು ವಾದಿಸಿದಾಗ, ಯೆಹೂದಾ ಹನಾಸಿಯು ಅನ್ಯರ ಮಾತೇ ಸಮಂಜಸವೆಂದನು. ಬುಗ್ಗೆಗಳ ನೀರು ಹಗಲು ತಂಪು, ರಾತ್ರಿ ಬೆಚ್ಚಗೆಂಬುದು ಅವನಿತ್ತ ಹೇತು. ಹೇತು ದುರ್ಬಲ, ಔದಾರ್ಯ ದೊಡ್ಡದು. ಹನ್ನೆರಡನೆಯ ಶತಮಾನದ ಮೈಮೋನಿದೀಸನು ಇದನ್ನು ಮುಂದುವರಿಸಿ, ಆಚಾರ್ಯರ ಜ್ಯೋತಿಷವು ಅವರ ಕಾಲದ ಜ್ಞಾನವಷ್ಟೇ, ಪ್ರವಾದಿಗಳಿಂದ ಬಂದುದಲ್ಲ ಎಂದನು.

ನಮ್ಮಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯು (1952–55) ವೇಧಸಿದ್ಧ ಗಣಿತವನ್ನೇ ಎತ್ತಿಹಿಡಿಯಿತು. 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಆದರೂ ಸಿದ್ಧಾಂತಗಣಿತದ ಪಂಚಾಂಗಗಳು ಇಂದಿಗೂ ಅಚ್ಚಾಗುತ್ತಿವೆ.