ಕಿರಿಯ ಅಂಗಳದಲ್ಲಿ ದೂರದ ಗುರಿ

1899ನೆಯ ಇಸವಿಯ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕೊಲೆನ್ಸೊ ಎಂಬಲ್ಲಿ ಆಂಗ್ಲಸೇನೆಯು ಬೋಯರರಿಂದ ಪರಾಭವಗೊಂಡಿತು. ಬೇಸಾಯಗಾರರಾದ ಬೋಯರರು ಕಂದಕಗಳ ಮರೆಯಿಂದ ಮೌಸರ್ ಕೋವಿಗಳನ್ನು ಹಾರಿಸಿ ದೂರದಲ್ಲಿದ್ದವರನ್ನು ಕೆಡಹಿದರು. ಫಿರಂಗಿಗಳನ್ನು ಉಳಿಸಹೋಗಿ ಮಡಿದವರಲ್ಲಿ ಸೇನಾನಿ ಲಾರ್ಡ್ ರಾಬರ್ಟ್ಸರಿಗೆ ಉಳಿದಿದ್ದ ಒಬ್ಬನೇ ಮಗನೂ ಇದ್ದನು.

ಸಾಮಾನ್ಯ ಜನರಿಗೂ ಗುರಿಯ ಅಭ್ಯಾಸವಾಗಬೇಕೆಂದು 1901ರಲ್ಲಿ ಇಂಗ್ಲೆಂಡಿನಲ್ಲಿ ಶ್ರಮಜೀವಿಗಳ ಕೋವಿಸಂಘಗಳ ಮಂಡಲವೊಂದು ಹುಟ್ಟಿತು. ರಾಬರ್ಟ್ಸರು ಅದಕ್ಕೆ ಬೆಂಬಲವಾಗಿ ನಿಂತರು. ಆದರೆ ಬಿಸ್ಲಿಯಲ್ಲಿದ್ದಂತಹ ವಿಸ್ತಾರವಾದ ಬಯಲು ಪಟ್ಟಣದ ಕೂಲಿಕಾರನಿಗೆ ಎಲ್ಲಿಂದ ದೊರೆಯಬೇಕು? ಗಣಿತವೇ ಉಪಾಯವನ್ನು ಒದಗಿಸಿತು. 500 ಗಜ ದೂರದ 20 ಅಂಗುಲದ ಗುರಿಯೂ 25 ಗಜ ದೂರದ 1 ಅಂಗುಲದ ಗುರಿಯೂ ಕಣ್ಣಿಗೆ ಒಂದೇ ಪ್ರಮಾಣವಾಗಿ ತೋರುವುವು. ಸಣ್ಣ ಗುಂಡಿನ ಕೋವಿ, ಕಿರಿಯದೊಂದು ಅಂಗಳ, ಗುಂಡನ್ನು ತಡೆಯಲು ಹಿಂದೊಂದು ಮಣ್ಣಿನ ದಿಬ್ಬ, ಇಷ್ಟೇ ಸಾಕಾಯಿತು.

ಉಸಿರನ್ನು ಹಿಡಿಯುವುದು, ಕೈ ಅಲುಗದಂತೆ ಕುದುರೆಯನ್ನೆಳೆಯುವುದು ಇಲ್ಲಿಯೇ ಸಿದ್ಧಿಸುವುವು. ಗಾಳಿಯ ಸೆಳೆತವೂ ದೂರದ ಅಂದಾಜೂ ಮಾತ್ರ ಹಿರಿಯ ಬಯಲಿನಲ್ಲಿಯೇ ತಿಳಿಯತಕ್ಕವು. ಮರಳಿನ ಮೇಲೆ ಅಕ್ಷರ ತಿದ್ದಿದ ಮಾತ್ರಕ್ಕೆ ಕಾವ್ಯವು ಬಾರದು. ತಿದ್ದದವನಿಗಾದರೋ ಅದು ಎಂದೆಂದಿಗೂ ಬಾರದು.